ಕನ್ನಡಕದಲ್ಲಿ ಕಂಡ ನಕ್ಷತ್ರ

ಸತ್ತವರೊಡನೆ ಮಾತಾಡುತ್ತೇವೆಂದು ಕತ್ತಲ ಕೋಣೆಗಳಲ್ಲಿ ಕುಳಿತವರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವು ವಿದ್ವಾಂಸರು ಪರೀಕ್ಷಿಸಲು ಹೊರಟಾಗ ಮೊಳೆತು, ಮುಂದಿನ ಶತಮಾನದಲ್ಲಿ ಕಾರ್ಡು ಮತ್ತು ದಾಳಗಳೊಡನೆ ಪ್ರಯೋಗಶಾಲೆ ಹೊಕ್ಕ ಶಾಸ್ತ್ರ ಪರಾಮನೋವಿಜ್ಞಾನ. ಇನ್ನೊಬ್ಬರ ಮನಸ್ಸನ್ನು ಓದುವುದು, ಮರೆಯಲ್ಲಿರುವುದನ್ನು ಕಾಣುವುದು, ಮುಂದಾಗುವುದನ್ನು ಅರಿಯುವುದು, ಮನೋಬಲದಿಂದಲೇ ವಸ್ತುವನ್ನು ಕದಲಿಸುವುದು, ಇವೆಲ್ಲ ನಿಜವೇ ಎಂಬುದು ಅದರ ಪ್ರಶ್ನೆ. ನಂಬುವವರು ಕೈಮುಗಿಯುವ, ನಂಬದವರು ನಗುವ ಈ ಕ್ಷೇತ್ರದಲ್ಲಿ ಎರಡನ್ನೂ ಮಾಡದೆ ಮೂವತ್ತಾರು ವರ್ಷ ತಾಳ್ಮೆಯಿಂದ ಎಣಿಸುತ್ತ ಕುಳಿತವರು ಈಗ ನಿವೃತ್ತರಾಗುತ್ತಿರುವ ನಮ್ಮ ಮೇಡಂ.

ಅವರ ಶಿಷ್ಯೆಯಾಗುವ ಮೊದಲು ನಾನು ಅವರ ಪರೀಕ್ಷೆಗೆ ಒಳಗಾದವಳು. ನನಗಾಗ ಹನ್ನೊಂದು ವರ್ಷ. ಚಿಕ್ಕಮ್ಮನ ಕಳೆದ ಉಂಗುರ ಹಿಟ್ಟಿನ ಡಬ್ಬಿಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಿದ್ದೆ; ಅದು ಅಲ್ಲಿ ಬಿದ್ದದ್ದನ್ನು ಕಣ್ಣು ಬಿಟ್ಟೇ ನೋಡಿದ್ದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಗಡಿಯಾರ ರಿಪೇರಿ ಮಾಡುವ ಅಪ್ಪ ಹಿರಿಹಿರಿ ಹಿಗ್ಗಿದರು. ಪ್ರಶ್ನೆ ಕೇಳಲು ಬರುವವರು ಹೆಚ್ಚಿದಂತೆ ನನ್ನನ್ನು ಶಾಲೆ ಬಿಡಿಸಿದರು. ನಿಜ ಹೇಳಿದರೆ ಅಪ್ಪನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಓದು. ಬಾಯಿಗೆ ಬೀಗ ಹಾಕಿಕೊಂಡು ಕುಳಿತಿದ್ದೆ.

ಮಗಳ ಶಕ್ತಿಗೆ ವಿಶ್ವವಿದ್ಯಾಲಯದ ಮುದ್ರೆ ಬೀಳಲೆಂದು ಅಪ್ಪನೇ ನನ್ನನ್ನು ಮೇಡಂ ಬಳಿಗೆ ಕರೆದೊಯ್ದರು. ನಕ್ಷತ್ರ, ವೃತ್ತದಂಥ ಐದು ಬಗೆಯ ಚಿತ್ರಗಳು, ಇಪ್ಪತ್ತೈದು ಕಾರ್ಡುಗಳು; ಎದುರು ಕುಳಿತ ಮೇಡಂ ಎತ್ತಿದ ಕಾರ್ಡಿನಲ್ಲಿ ಯಾವ ಚಿತ್ರವಿದೆಯೆಂದು ನಾನು ಹೇಳಬೇಕು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಯಾಗುತ್ತವೆ. ಅದಕ್ಕಿಂತ ಬಹಳ ಹೆಚ್ಚು, ಅದೂ ಮತ್ತೆ ಮತ್ತೆ, ಬಂದರೆ ಮಾತ್ರ ಯೋಚಿಸಬೇಕು. ನಾನು ಹತ್ತೊಂಬತ್ತು ಸರಿ ಹೇಳಿದೆ. ಮೇಡಂ ಎತ್ತಿ ನೋಡುತ್ತಿದ್ದ ಪ್ರತಿ ಕಾರ್ಡೂ ಅವರ ದಪ್ಪ ಕನ್ನಡಕದಲ್ಲಿ ಪುಟ್ಟದಾಗಿ ಮಿಂಚುತ್ತಿತ್ತು. ಮೊದಲು ಕಂಡದ್ದು ನಕ್ಷತ್ರ.

ಮರುದಿನ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಒಂದು ಹಲಗೆ ನಿಂತಿತ್ತು. ನಾಲ್ಕು ಸುತ್ತು ನಡೆಯಿತು: ಐದು, ನಾಲ್ಕು, ಆರು, ಐದು. ಅಪ್ಪ ನನ್ನತ್ತ ತಿರುಗುವ ಮೊದಲೇ ಮೇಡಂ ಮಾತಾಡಿದರು.

"ನಿನ್ನೆ ತಪ್ಪು ಮಾಡಿದ್ದು ನಾನು. ಕಾರ್ಡೆಲ್ಲ ನನ್ನ ಕನ್ನಡಕದಲ್ಲಿ ಕಾಣ್ತಿತ್ತು. ಕಾಣೋದನ್ನ ಯಾರಾದ್ರೂ ನೋಡ್ತಾರೆ."

"ಹಾಗಾದ್ರೆ ಇವಳಲ್ಲಿ ಏನೂ ಇಲ್ವಾ, ಮೇಡಂ?" ಅಪ್ಪನ ದನಿ ಕುಗ್ಗಿತ್ತು.

"ಇದೆಯಲ್ಲ. ಅಷ್ಟು ಚಿಕ್ಕದನ್ನ ಅಷ್ಟು ಬೇಗ ಹಿಡಿಯೋ ಕಣ್ಣಿದೆ. ನಿಮ್ಮಿಂದಲೇ ಬಂದಿರಬೇಕು. ಶಾಲೆಗೆ ಕಳಿಸಿ."

ಅಪ್ಪ ಬಹಳ ಹೊತ್ತು ಕಾರ್ಡುಗಳನ್ನು ಜೋಡಿಸುತ್ತ ಕುಳಿತರು. ಬಸ್ಸಿನಲ್ಲಿ ಉಂಗುರದ ವಿಷಯವನ್ನೂ ಹೇಳಿಬಿಟ್ಟೆ, ಅವರು ಬೈಯಲಿಲ್ಲ. ಸೋಮವಾರ ತಾವೇ ಶಾಲೆಯ ತನಕ ಬಂದು ಬಿಟ್ಟುಹೋದರು.

ಮುಂದೆ ಮೇಡಂ ಅವರ ವಿದ್ಯಾರ್ಥಿನಿಯಾಗಿ, ಸಹೋದ್ಯೋಗಿಯಾಗಿ ನಾನು ಕಂಡದ್ದು, ಗೆದ್ದ ಪ್ರಯೋಗಕ್ಕೂ ಸೋತ ಪ್ರಯೋಗಕ್ಕೂ ಒಂದೇ ಕಪಾಟಿನಲ್ಲಿ ಜಾಗ ಕೊಡುವ ಅವರ ಶಿಸ್ತನ್ನು. ಇಂದಿಗೂ ವಿವರಣೆ ಸಿಗದ ಮೂರು ಫಲಿತಾಂಶಗಳು ಕೆಳಗಿನ ಡ್ರಾಯರಿನಲ್ಲಿವೆ. "ಇನ್ನೊಂದು ಹಲಗೆ ಬೇಕೋ ಏನೋ, ನೋಡೋಣ" ಎನ್ನುತ್ತಾರೆ. ಆ ನೋಡೋಣದಲ್ಲಿ ಗೇಲಿಯಿಲ್ಲ, ಆಸೆಯಿದೆ. ಕಳೆದ ವಾರ ಡ್ರಾಯರಿನ ಬೀಗದಕೈ ನನಗೆ ಕೊಟ್ಟರು. ಒಂದು ನಕಲು ತಾವೇ ಇಟ್ಟುಕೊಂಡಿದ್ದಾರೆ.

ಅವರು ನೂರು ವರ್ಷ ಬಾಳುತ್ತಾರೆಂದು ನಾನು ಭವಿಷ್ಯ ನುಡಿಯಲಾರೆ. ನನಗೆ ಆ ಶಕ್ತಿಯಿಲ್ಲವೆಂದು ಅವರೇ ಸಹಿ ಮಾಡಿದ ಕಾಗದ ನನ್ನ ಮೇಜಿನ ಮೇಲಿದೆ. ಅದಿಲ್ಲದಿದ್ದರೆ ಈ ಲೇಖನ ಬರೆಯುವಷ್ಟು ಓದು ನನಗೆ ದಕ್ಕುತ್ತಿರಲಿಲ್ಲ. ಹಾರೈಸಲು ಮಾತ್ರ ಯಾವ ಶಕ್ತಿಯೂ ಬೇಕಿಲ್ಲ: ನೂರು ವರ್ಷ ಬಾಳಿ, ಮೇಡಂ, ನಾಳೆಯೂ ಕನ್ನಡಕ ಹಾಕಿಕೊಂಡು ಬನ್ನಿ.