ಚಾದೊಳಗಿನ ಮಲ್ಲಿಗೆ

ಲೋಟ ಮೂಗಿನ ಹತ್ತಿರ ಬಂತೋ ಇಲ್ಲವೋ, ಕೈ ಹಿಂದಕ್ಕೆ ತೆಗೆದುಬಿಟ್ಟೆ. ಘಮ್ಮೆಂದು ಮಲ್ಲಿಗೆ ವಾಸನೆ! ಗಂಡ ತೀರಿಕೊಂಡ ಮೇಲೆ ನಾನು ಹೂವನ್ನು ಮೂಸಿಯೂ ನೋಡಿದವಳಲ್ಲ.

ನಮ್ಮ ಮನೆತನದಲ್ಲೇ ಮೊದಲು ನರ್ಸ್ ಆದ ನನ್ನ ಮೊಮ್ಮಗಳು ರಜೆಗೆಂದು ಕಾರವಾರದಿಂದ ನಮ್ಮೂರು ಕೇಣಿಗೆ ಬಂದಿದ್ದಳು. ಹಡಗಿನಲ್ಲಿ ಕೆಲಸ ಮಾಡುವ ರೋಗಿಯೊಬ್ಬ ಕೊಟ್ಟ, ಮಲ್ಲಿಗೆ ಬೆರೆಸಿದ ಹಸಿರು ಚಾಪುಡಿಯಂತೆ. ಹಾಲಿಲ್ಲ, ಸಕ್ಕರೆಯಿಲ್ಲ, ಬರೀ ಬಿಸಿನೀರಿಗೆ ಎಲೆ ಹಾಕಿದ್ದಳು.

“ಬ್ಯಾಡ ಮಗಾ, ಹೂವು ನಂಗೆ ಆಗೂದಿಲ್ಲ” ಅಂದೆ.

“ಮುಡ್ಕಳೂಕೆ ಯಾರ್ ಹೇಳ್ರು ಅಜ್ಜಿ? ಕುಡೂಕೆ ಕೊಟ್ಟದ್ದು. ಹೊಟ್ಟೆ ಒಳಗಿನ ಹೂ ಯಾರಿಗೆ ಕಾಣ್ತದೆ?”

ನಗು ತಡೆಯಲಾಗದೆ ಕುಡಿದೆ. ನುಂಗಿದ ಮೇಲೂ ಬಾಯಿತುಂಬ ಮಲ್ಲಿಗೆ! ಸಂತೋಷಕ್ಕೆ ಅವಳನ್ನು ತಬ್ಬಿಕೊಂಡು ಇನ್ನೊಂದು ಲೋಟ ಮಾಡಿಸಿದೆ.

ಅದನ್ನು ಕೈಗೆತ್ತಿಕೊಂಡಾಗ ನಾದಿನಿ ನೆನಪಾದಳು. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು. ನಾನು ಮೀನು ಮಾರಲು ಹೋದರೆ ನನ್ನ ಮಕ್ಕಳಿಗೆ ಉಣ್ಣಿಸಿ ಮಲಗಿಸುತ್ತಿದ್ದವಳು. ಒಂದು ದಿನ ನಾನು ಮುಡಿಯಲೆಂದು ಇಟ್ಟ ಮಲ್ಲಿಗೆ ದಂಡೆಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿ ನಿಂತಿದ್ದಳು. ಕಸಿದುಕೊಂಡು, “ನಾಚ್ಕೆ ಇಲ್ವನೇ ನಿಂಗೆ?” ಅಂದಿದ್ದೆ. ಆಮೇಲೆ ನಾನು ಹೂವು ಕಟ್ಟಲು ಕೂತರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು, ಸಾಯುವ ತನಕ.

ಆ ಚಾಪುಡಿ ಮುಗಿದು ವರ್ಷವಾಯಿತು. ಮೊಮ್ಮಗಳು ಇನ್ನೊಂದು ಡಬ್ಬಿ ತರುತ್ತೇನೆ ಅನ್ನುತ್ತಾಳೆ, ಸಂತೋಷವೇ. ಆದರೆ ನಾದಿನಿ ದಂಡೆ ಮೂಸಿದ ಆ ದಿನ, ಕಂಡರೂ ಕಾಣದವಳಂತೆ ನಾನು ಒಳಗೆ ಹೋಗಿಬಿಟ್ಟಿದ್ದರೆ ಸಾಕಿತ್ತು.