ಜೀಪಿನ ಬ್ಲಾಕಿಗೆ ಹೊಲಿಗೆ

ಎಂಜಿನ್ ವಿಷಯದಲ್ಲಿ ನನ್ನ ಜ್ಞಾನ ಬಾನೆಟ್ ಎತ್ತಿ ಗಂಭೀರವಾಗಿ ನೋಡುವಷ್ಟು ಮಾತ್ರ. ತೋಟವಿದ್ದು, ಜೀಪಿದ್ದು, ಅಷ್ಟೂ ಮಾಡದಿದ್ದರೆ ಮೇಸ್ತ್ರಿಯ ಎದುರು ಮರ್ಯಾದೆ ಉಳಿಯುವುದಿಲ್ಲ. ಕಳೆದ ಮಾರ್ಚಿನಲ್ಲಿ ಕಳಸದಿಂದ ಬರುವಾಗ ಆ ಮರ್ಯಾದೆಯೇ ಎಂಜಿನ್ನನ್ನು ಸೀಳಿತು.

ಏರಿನಲ್ಲಿ, ಪಕ್ಕದಲ್ಲಿದ್ದ ಹೆಂಡತಿ ಸುಮಿತ್ರಾ, "ರೀ, ಹೀಟಿನ ಮುಳ್ಳು ಕೆಂಪಿಗೆ ಹೋಗಿದೆ, ನಿಲ್ಸಿ" ಅಂದಳು.

"ಅದು ಯಾವಾಗ್ಲೂ ಹಾಗೇ ತೋರ್ಸೋದು" ಅಂದೆ.

ಮೂರು ತಿರುವು ದಾಟುವಷ್ಟರಲ್ಲಿ ಹಬೆ ಎದ್ದು ಜೀಪು ನಿಂತಿತು. ಎಂಜಿನ್ ತಣಿಯುವವರೆಗೆ ಕಾಯೋಣ ಎಂದಳು ಅವಳು. ಆದರೆ ನಮ್ಮ ಹಿಂದೆ ಬರುತ್ತಿದ್ದ ಜೀಪಿನವರು ಇಳಿದು ನೋಡುತ್ತಿದ್ದರು. ಗಂಡಸಾದವನು ಸುಮ್ಮನೆ ನಿಲ್ಲುವುದು ಹೇಗೆ? ಹಳ್ಳದಿಂದ ತಣ್ಣೀರು ತಂದು ಎಂಜಿನ್ ಮೇಲೆ ಸುರಿದೆ. ಟಣ್ ಎಂದಿತು.

ಬಣಕಲ್‌ನಲ್ಲಿ ಖಾದರ್ ಸಾಹೇಬರ ಗ್ಯಾರೇಜಿದೆ. ಅಲ್ಲಿಗೆ ಎಳೆಸಿಕೊಂಡು ಹೋಗಿ ಬಿಚ್ಚಿಸಿದರೆ, ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಒಡಲಿನ, ಮಗ್ಗುಲಲ್ಲಿ ಗೇಣುದ್ದದ ಬಿರುಕು. ಸುದ್ದಿ ಹಬ್ಬಿ ತೋಟದ ಮಾಲೀಕರೆಲ್ಲ ಸಾವಿನ ಮನೆಗೆ ಬಂದಂತೆ ಬಂದರು. "ಗುಜರಿಗೆ ಹಾಕಿ ಮಾರಾಯ್ರೆ" ಎಂದವರೇ ಮರುಗಳಿಗೆ ಯಾವ ಬಿಡಿಭಾಗ ತಮಗೆ ಹೊಂದೀತೆಂದು ಬಗ್ಗಿ ನೋಡತೊಡಗಿದರು. ನಾನೂ, "ಹಳೇ ಕಬ್ಬಿಣ, ಬಾಳಿಕೆ ಮುಗೀತು" ಎಂದು ನಿಟ್ಟುಸಿರು ಬಿಟ್ಟೆ.

ಸಾಹೇಬರು ಬಿರುಕಿನ ಮೇಲೆ ಬೆರಳಾಡಿಸಿದರು. "ಕಾದಿರೋದಕ್ಕೆ ತಣ್ಣೀರು ಹೊಯ್ದಿದ್ಯಾರು?"

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸುಮಿತ್ರಾ ನನ್ನನ್ನು ನೋಡಿದಳು. ಇಪ್ಪತ್ತು ವರ್ಷ ನಮ್ಮನ್ನು ಹೊತ್ತು ತಿರುಗಿದ ಜೀಪಿನ ಮೇಲೆಯೇ ತಪ್ಪು ಹೊರಿಸಿ ಗುಜರಿಗೆ ಕಳಿಸಲು ಕೊನೆಗೂ ಮನಸ್ಸು ಬರಲಿಲ್ಲ. ಅಷ್ಟೂ ಜನರೆದುರು, "ನಾನೇ" ಎಂದೆ.

"ಹಾಗಾದ್ರೆ ಕಬ್ಬಿಣದ್ದೇನೂ ತಪ್ಪಿಲ್ಲ ಸಾರ್. ಸರಿ ಮಾಡ್ಬಹುದು."

ವೆಲ್ಡಿಂಗ್ ಮಾಡಿದರೆ ಬಿಸಿಗೆ ಇನ್ನಷ್ಟು ಬಿರಿಯುತ್ತದಂತೆ. ಬಿರುಕು ಮುಂದೆ ಹರಿಯದಂತೆ ಎರಡೂ ತುದಿಗೆ ತೂತು ಕೊರೆದರು. ನಡುವೆ ಒಂದನ್ನೊಂದು ಕಚ್ಚಿ ಕೂರುವಂತೆ ಪುಟ್ಟ ಸ್ಕ್ರೂಗಳನ್ನು ಹೊಲಿಗೆ ಹಾಕಿದ ಹಾಗೆ ಸಾಲಾಗಿ ತಿರುಗಿಸಿ, ತಲೆ ಕತ್ತರಿಸಿ, ಉಜ್ಜಿ ಸಮ ಮಾಡಿದರು. ನಾಲ್ಕು ದಿನದ ಕೆಲಸ. ಆಮೇಲೆ ಒತ್ತಡ ಕೊಟ್ಟು ನೀರು ತುಂಬಿದರು. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದೆವು. ಒಂದು ಹನಿಯೂ ಹೊರಬರಲಿಲ್ಲ. ಗುಜರಿ ಎಂದವರಲ್ಲೊಬ್ಬರು, "ನಾನು ಆಗ್ಲೇ ಹೇಳಿದ್ನಲ್ಲ, ಸರಿಯಾಗ್ತದೆ ಅಂತ" ಎಂದರು.

ಎಂಜಿನ್ ಕೂರಿಸಿದ ಮೇಲೆ ಸಾಹೇಬರು ಕೀಲಿಯನ್ನು, ಚಾಚಿದ ನನ್ನ ಕೈ ದಾಟಿಸಿ, ಸುಮಿತ್ರಾಳಿಗೆ ಕೊಟ್ಟರು. "ಮೇಡಂ ಓಡಿಸ್ಲಿ ಸಾರ್. ಇನ್ನೂ ಹತ್ತು ವರ್ಷ ಬರ್ತದೆ."

ಈಗ ನನ್ನದು ಎಡಗಡೆಯ ಸೀಟು. ಅಲ್ಲಿಂದ ಗುಡ್ಡ ಕಾಣುತ್ತದೆ, ಹೊಳೆ ಕಾಣುತ್ತದೆ, ಹೂಬಿಟ್ಟ ಕಾಫಿ ಕಾಣುತ್ತದೆ. ಇಷ್ಟು ವರ್ಷ, ನನ್ನನ್ನು ಯಾರು ನೋಡುತ್ತಿದ್ದಾರೆ ಎಂಬುದೊಂದನ್ನೇ ನೋಡುತ್ತ ಓಡಿಸಿದ್ದೆನಲ್ಲ!