ಎರಡು ಬೆರಳು ಉದ್ದವಾಗಿದ್ದ ಕೋಲು

ಗಾಲ್ಫ್ ಕೋಲಿನ ತುದಿಗೆ ಗರಗಸ ಹಾಕಿದ ಕೂಡಲೇ ಹಳೇ ರಬ್ಬರ್ ಹಿಡಿಯಿಂದ ಒಂದು ವಾಸನೆ ಎದ್ದಿತು. ಬೆವರು, ತೆಂಗಿನೆಣ್ಣೆ, ಉಪ್ಪುಗಾಳಿ... ಅಣ್ಣನ ಅಂಗೈಯ ವಾಸನೆ. ನನ್ನ ಕೈ ಅಲ್ಲಿಯೇ ನಿಂತಿತು.

ಅಣ್ಣ ಮುಂಬೈಯ ಒಂದು ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದ. ನೋಡಿ ನೋಡಿಯೇ ಆಟ ಕಲಿತ. ಆರಡಿ ಎತ್ತರದ ಸಾಹುಕಾರನೊಬ್ಬ ತನ್ನ ಹಳೇ ಕೋಲುಗಳನ್ನು ಚೀಲದ ಸಮೇತ ಅವನಿಗೆ ಕೊಟ್ಟಿದ್ದ. ನಾವೋ ಗಿಡ್ಡರು. ಅಣ್ಣನೂ ನಾನೂ ಒಂದೇ ಅಳತೆ, ಐದಡಿಗೆ ತುಸು ಮೇಲೆ.

ಒಂದು ಬೇಸಗೆಯಲ್ಲಿ ಆ ಚೀಲದೊಂದಿಗೇ ನಮ್ಮೂರು ಬೀಜಾಡಿಗೆ ಬಂದ. ಮಳೆಗಾಲ ಕಳೆದ ಮೇಲೆ ಮುಂಬೈಯಲ್ಲಿ ಚೀಲ ಹೊರುವವರಿಗೆಂದೇ ಒಂದು ಪಂದ್ಯವಿತ್ತು. ಗೆದ್ದವನಿಗೆ ಆಟ ಕಲಿಸುವ ಕೆಲಸ. ಅವನ ಹೆಗಲು ಆಗಲೇ ಸೋತಿತ್ತು. ಸಮುದ್ರ ಇಳಿತದ ಹೊತ್ತಿನಲ್ಲಿ ಗಟ್ಟಿ ಮರಳಿನ ಮೇಲೆ ಬಡಗು ದಿಕ್ಕಿಗೆ ಹೊಡೆಯುತ್ತಿದ್ದ. ಚೆಂಡು ಪ್ರತಿ ಸಲವೂ ಎಡಕ್ಕೆ ತಿರುಗಿ ಸಮುದ್ರಕ್ಕೆ ಬೀಳುತ್ತಿತ್ತು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಗುದ್ದಲಿ, ಪಿಕಾಸಿಗೆ ಮರದ ಹಿಡಿ, ಅಂದರೆ ಕಾವು ಹಾಕುವುದು, ದೋಣಿಗೆ ಹುಟ್ಟು ಕೆತ್ತುವುದು ನನ್ನ ಕಸುಬು. ಬ್ರಹ್ಮಾವರದಿಂದಲೂ ಬಸ್ಸು ಹತ್ತಿ ಬರುತ್ತಿದ್ದರು. ಗಿರಾಕಿಯನ್ನು ಬರಿಗಾಲಲ್ಲಿ ನಿಲ್ಲಿಸಿ, ಕೈಯ ಮಣಿಗಂಟಿನಿಂದ ನೆಲಕ್ಕೆ ದಾರ ಇಳಿಸಿ ಅಳೆಯದೆ ಯಾರಿಗೂ ಕಾವು ಹಾಕಬಾರದು, ಇದು ಅಪ್ಪ ಹಾಕಿಕೊಟ್ಟ ಕ್ರಮ.

ಅಣ್ಣ ನನ್ನ ಜಗಲಿಗೆ ಬಂದು ಚಪ್ಪಲಿ ಬಿಟ್ಟು, ಗಿರಾಕಿಯ ಹಾಗೆಯೇ ನಿಂತ.

"ಹ್ವಾಯ್, ನನ್ ಅಳತೆ ತೆಗಿ ಕಾಂಬ. ಕೋಲ್ ಉದ್ದ ಆಯ್ತ್. ಎರಡ್ ಬೆರಳ್ ಕೊಯ್ದ್ ಕೊಡ್."

"ಎಂತ, ಬೊಂಬಾಯಿ ಸಾಮಾನಿಗೆ ಗರಗಸ ಹಾಕೂದಾ? ಮಂಡೆ ಸಮ ಇತ್ತಾ ನಿಂಗೆ?"

ಕೂತಿದ್ದ ಗಿರಾಕಿಗಳು ನಕ್ಕರು. ನನಗೆ ಹುರುಪು ಬಂತು. "ಕುಣುಕ್ ಬಾರ್ದಿದ್ದಳ್ ನೆಲ ಡೊಂಕ್ ಅಂದ್ಳಂಬ್ರ್!"

ಅವನು ಚಪ್ಪಲಿ ಮೆಟ್ಟಿಕೊಂಡ. "ಹೋಯ್ ಬತ್ತೆ" ಎಂದಷ್ಟೇ ಹೇಳಿ ಇಳಿದು ಹೋದ. ಮುಂಬೈಯಲ್ಲಿ ಅಳತೆಗೆ ಕೋಲು ಮಾಡಿಕೊಡುವವರು ಇದ್ದರು... ಚೀಲ ಹೊರುವವನಿಗಲ್ಲ.

ನಿಜ ಹೇಳುತ್ತೇನೆ. ಅಳತೆ ತಪ್ಪಿದ್ದು ನನ್ನ ಕಣ್ಣಿಗೆ ಆಗಲೇ ಬಿದ್ದಿತ್ತು. ಅವನು ಕೋಲು ಊರಿದರೆ ಅದರ ಮೂತಿ ನೆಲ ಬಿಟ್ಟು ಮೇಲೇಳುತ್ತಿತ್ತು, ಚೆಂಡು ಎಡಕ್ಕೆ ತಿರುಗುತ್ತಿದ್ದುದು ಅದಕ್ಕೇ. ಊರಿಗೆಲ್ಲ ಇಳಿಸಿದ ದಾರವನ್ನು ಒಡಹುಟ್ಟಿದವನಿಗೆ ಇಳಿಸಲಿಲ್ಲ. ನಾನು ಕೆತ್ತುತ್ತ ಕೂತಿರುವಾಗ ಅವನು ಆಡುತ್ತಾನಲ್ಲ ಎಂಬ ಹೊಟ್ಟೆಕಿಚ್ಚು, ಮತ್ತೇನಲ್ಲ.

ಪಂದ್ಯದಲ್ಲಿ ಅಣ್ಣ ಸೋತ. ಇನ್ನೂ ಏಳು ವರ್ಷ ಅದೇ ಹೆಗಲಿನಲ್ಲಿ ಚೀಲ ಹೊತ್ತ. ಆಮೇಲೆ... ಚೀಲವೊಂದೇ ಮನೆಗೆ ಬಂತು.

ಈ ವರ್ಷ ನನ್ನ ಮಣಿಗಂಟಿನಿಂದಲೇ ದಾರ ಇಳಿಸಿ ಆ ಕೋಲುಗಳನ್ನು ಕೊಯ್ದೆ. ಸರಿಯಾಗಿ ಎರಡು ಬೆರಳು. ಬೀಜಾಡಿಯ ಮರಳಿನಲ್ಲಿ ನಿಂತು ಬೀಸಿದರೆ ಮೊದಲ ದಿನ ಕೋಲು ಚೆಂಡಿಗೆ ತಾಗಲೇ ಇಲ್ಲ. ಕೋಲು ಸರಿಯಾದ ಮಾತ್ರಕ್ಕೆ ಆಟ ಬರುವುದಿಲ್ಲ. ಆದರೆ ತಪ್ಪು ಕೋಲಿನದಲ್ಲ, ಕೈಯದು ಎಂದು ಗೊತ್ತಾಯಿತು, ತಿದ್ದಿಕೊಳ್ಳಲು ದಾರಿಯಾಯಿತು. ಮಳೆಗೆ ಮುಂಚೆ ಚೆಂಡು ನೇರ ಬಡಗು ದಿಕ್ಕಿಗೆ ಹಾರಿತು. ಅಣ್ಣನಿಗೆ ಆ ದಾರಿಯನ್ನೇ ನಾನು ಮುಚ್ಚಿದ್ದೆ.

ಬಲೆ ಹೊತ್ತು ಹೋಗುತ್ತಿದ್ದವನೊಬ್ಬ ಕೂಗಿದ, "ಎಂತ ಮಾರಾಯ, ಈ ಪ್ರಾಯಕ್ಕೆ ಆಟವಾ? ಕುಣುಕ್ ಬಾರ್ದಿದ್ದಳ್..."

"ನೆಲ ಡೊಂಕೇ ಇದ್ದಿತ್!" ಎಂದೆ. ಮತ್ತೊಂದು ಚೆಂಡು ಇಟ್ಟೆ.

ಒಂದು ಕೋಲನ್ನು ಮಾತ್ರ ಕೊಯ್ಯಲಿಲ್ಲ. ಜಗಲಿಯಲ್ಲಿ, ಗಿರಾಕಿಗಳು ನಿಲ್ಲುವ ಜಾಗದ ಎದುರಿಗೇ ತೂಗುಹಾಕಿದ್ದೇನೆ. ಕೇಳಿದವರಿಗೆಲ್ಲ ಹೇಳುತ್ತೇನೆ, ನಗುವವರು ನಗಲಿ: ನನ್ನ ಅಣ್ಣನಿಗೆ ಆಟ ಬರುತ್ತಿತ್ತು. ಕೋಲು ಉದ್ದವಿತ್ತು. ಗರಗಸ ನನ್ನ ಕೈಯಲ್ಲಿತ್ತು.